ರುಚಿ ಬರ್ತಿಲ್ಲ, ಇನ್ನೂ ಎಷ್ಟು ಹನಿ ಹಾಕಲಿ?

ವೇಪ್ ಲಿಕ್ವಿಡ್, ಅಂದರೆ ಇ-ಸಿಗರೇಟಿನಲ್ಲಿ ಆವಿ ಮಾಡಿ ಎಳೆಯುವ ದ್ರವ, ಅದನ್ನು ಮನೆಯಲ್ಲೇ ಬೆರೆಸುವವರಿಂದ ಈ ಪ್ರಶ್ನೆ ಬಂದಿದ್ದು ಎಷ್ಟನೇ ಸಲವೋ, ಲೆಕ್ಕ ಇಡೋದು ಬಿಟ್ಟಿದ್ದೇನೆ. ಕೇಳುವ ರೀತಿ ಬೇರೆ, ಗೋಳು ಒಂದೇ. "10 ಪರ್ಸೆಂಟ್ ಸ್ಟ್ರಾಬೆರಿ ಫ್ಲೇವರ್ ಹಾಕಿದೆ, ರುಚಿಯೇ ಇಲ್ಲ. 15ಕ್ಕೆ ಏರಿಸಿದೆ, ಆಗಲೂ ಇಲ್ಲ. ಈಗ 20 ಹಾಕಲಾ?"

ಬೇಡ. ಉತ್ತರ ಅಷ್ಟೇ. ಆದರೆ ಅಷ್ಟು ಹೇಳಿದರೆ ಯಾರೂ ಕೇಳುವುದಿಲ್ಲ, ಅದಕ್ಕೇ ಈ ಸಲ ಪೂರ್ತಿ ಬರೆದುಬಿಡುತ್ತೇನೆ. ಮನೆಯಲ್ಲಿ ಲಿಕ್ವಿಡ್ ಬೆರೆಸಲು ಕಾನೂನಿನ ಅಡ್ಡಿ ಇಲ್ಲದ ಕಡೆ ಇರುವ, ಈಗಾಗಲೇ ವೇಪ್ ಮಾಡುವ ದೊಡ್ಡವರಿಗೆ ಮಾತ್ರ ಇದು. ನಿಕೋಟಿನ್ ಲೆಕ್ಕಕ್ಕೆ ನಾನಿಲ್ಲಿ ಕೈ ಹಾಕುವುದಿಲ್ಲ.

ಮೊದಲು ಶುರು ಮಾಡುವ ಅಂಕಿ. ಒಂದೇ ಫ್ಲೇವರ್ ಆದರೆ ಸಾಮಾನ್ಯವಾಗಿ 5ರಿಂದ 10 ಪರ್ಸೆಂಟ್ ಒಳಗೆ ಕೆಲಸ ಮುಗಿಯುತ್ತದೆ. ಮೆಂಥಾಲ್, ತಂಪು ಕೊಡುವ ಕೂಲಿಂಗ್ ದ್ರಾವಣ, ಸಿಹಿಗೆಂದು ಹಾಕುವ ಈಥೈಲ್ ಮಾಲ್ಟಾಲ್, ದಾಲ್ಚಿನ್ನಿ, ಇವೆಲ್ಲ ಗಡುಸು ಜಾತಿ. 1 ಪರ್ಸೆಂಟ್ ಅಥವಾ ಅದಕ್ಕೂ ಕಡಿಮೆ ಸಾಕು. ಇನ್ನೊಂದು ವಿಷಯ: ಒಬ್ಬರು ಮಾಡಿದ ಸ್ಟ್ರಾಬೆರಿ 4ರಲ್ಲೇ ಘಮಘಮ ಅನ್ನುತ್ತದೆ, ಇನ್ನೊಬ್ಬರದ್ದು 10 ಹಾಕಿದರೂ ಸಪ್ಪೆ. ಹೆಸರು ಒಂದೇ ಇದ್ದ ಮಾತ್ರಕ್ಕೆ ಒಂದರ ಅಂಕಿಯನ್ನು ಇನ್ನೊಂದಕ್ಕೆ ಹಚ್ಚಬೇಡಿ. ತಯಾರಕರು ಹೇಳಿದ ಪ್ರಮಾಣದ ಕೆಳ ತುದಿಯಿಂದ ಹೊರಡಿ.

ಈಗ ಆ ಹಟಮಾರಿ ನಂಬಿಕೆಗೆ ಬರೋಣ. ರುಚಿ ಕಡಿಮೆ ಅನ್ನಿಸಿದರೆ ಫ್ಲೇವರ್ ಕಡಿಮೆ ಇದೆ ಅಂತ. ಸಾರಿಗೆ ಉಪ್ಪು ಹಾಕಿದ ಹಾಗೆ ಇದು ಅಲ್ಲ ಮಾರಾಯ್ರೇ. ಉಪ್ಪನ್ನು ಹಿಡಿಯೋದು ನಾಲಿಗೆ. ಹಣ್ಣು, ವೆನಿಲ್ಲಾ, ಕಸ್ಟರ್ಡ್ ಅಂತ ನಾವು ಕರೆಯುವ ರುಚಿಯಲ್ಲಿ ಬಹುಪಾಲು ವಾಸನೆ, ಗಂಟಲ ಹಿಂದಿನಿಂದ ಮೂಗಿಗೆ ಏರುವಂಥದ್ದು. ಮೂಗಿಗೋ ಒಂದು ಸ್ವಭಾವ ಇದೆ, ಒಂದೇ ವಾಸನೆ ಬರ್ತಾನೇ ಇದ್ದರೆ ಅದನ್ನು ಲೆಕ್ಕಕ್ಕೇ ಇಟ್ಟುಕೊಳ್ಳುವುದಿಲ್ಲ. ನಿಮ್ಮ ಮನೆಯ ವಾಸನೆ ಬಂದ ನೆಂಟರಿಗೆ ಗೊತ್ತಾಗುತ್ತದೆ, ನಿಮಗೆ ಗೊತ್ತಾಗಲ್ಲ, ಅಲ್ವಾ? ಬೆಳಿಗ್ಗೆಯಿಂದ ಅದೇ ಸ್ಟ್ರಾಬೆರಿ ಎಳೆಯುತ್ತಿದ್ದರೆ ಮಧ್ಯಾಹ್ನದ ಹೊತ್ತಿಗೆ ಅದು ಬರೀ ಬೆಚ್ಚಗಿನ ಗಾಳಿ. ಆಗ 15ಕ್ಕೆ ಏರಿಸುತ್ತೀರಿ, ಮೂಗು ಇನ್ನೂ ಬೇಗ ದಣಿಯುತ್ತದೆ, 20ಕ್ಕೆ ಏರಿಸುತ್ತೀರಿ. ಬಾವಿಗೆ ಬಿದ್ದವರು ಇನ್ನೂ ಆಳಕ್ಕೆ ತೋಡಿದ ಹಾಗೆ.

ದಣಿವಷ್ಟೇ ಅಲ್ಲ, ಜಾಸ್ತಿಯಾದರೆ ವಾಸನೆಯೇ ಬದಲಾಗುವುದೂ ಉಂಟು. ಗ್ರೇಪ್‌ಫ್ರೂಟ್‌ಗೆ ಅದರ ಗುರುತಿನ ವಾಸನೆ ಕೊಡುವ ಒಂದು ಗಂಧಕದ ಸಂಯುಕ್ತ ಇದೆ, ಚೂರೇ ಚೂರು ಇದ್ದಾಗ ಹಣ್ಣು, ಜಾಸ್ತಿಯಾದರೆ ಬರೀ ಗಂಧಕದ ನಾತ. ಕಪ್ಪು ಕರಂಟ್ ಹಣ್ಣಿನ ವಾಸನೆಯ ಹಿಂದೆ ಇರುವ ಇಂಥದೇ ಇನ್ನೊಂದು, ಪ್ರಮಾಣ ಮೀರಿದರೆ ಬೆಕ್ಕಿನ ಮೂತ್ರದ ವಾಸನೆ ಕೊಡುತ್ತದೆ. ತಮಾಷೆಗೆ ಹೇಳ್ತಿಲ್ಲ. ಈಥೈಲ್ ಮಾಲ್ಟಾಲ್ ಕಥೆ ಬೇರೆ. ಅದು ಸಿಹಿ ಕೊಡುತ್ತದೆ ಅಂತ ಸುರಿದರೆ ಉಳಿದ ಫ್ಲೇವರ್‌ಗಳ ಮೇಲೆ ಕಂಬಳಿ ಹೊದಿಸಿಬಿಡುತ್ತದೆ. ದಾಲ್ಚಿನ್ನಿ, ಚೆರ್ರಿ ಥರದವು ಮಿತಿ ಮೀರಿದರೆ ಗಂಟಲು ಕೆರೆಯುತ್ತವೆ, ಸೋಪು ನೆಕ್ಕಿದ ಹಾಗಾಗುತ್ತದೆ. ಆಗ ಬರುವ ದೂರು ಏನು ಗೊತ್ತಾ? "ರುಚಿ ಸರಿಯಿಲ್ಲ, ಇನ್ನೂ ಸ್ವಲ್ಪ ಹಾಕಲಾ?"

ಒಬ್ಬರು ತಮ್ಮ ರೆಸಿಪಿ ಕಳಿಸಿದ್ದರು. ಐದು ಫ್ಲೇವರ್, ಒಂದೊಂದೂ 8 ಪರ್ಸೆಂಟ್. ಕೂಡಿ ನೋಡಿ, 40 ಆಯ್ತು. ಅದು ಲಿಕ್ವಿಡ್ ಅಲ್ಲ, ಅತ್ತರಿನ ಅಂಗಡಿ. ಒಂದೊಂದಕ್ಕೆ ಬರೆದಿರುವ ಪ್ರಮಾಣ ಅದೊಂದನ್ನೇ ಹಾಕಿದಾಗಿನದ್ದು. ಬೆರೆಸಿದಾಗ ಎಲ್ಲವೂ ಹಂಚಿಕೊಂಡು ಬಾಳಬೇಕು.

ಮತ್ತೆ, ದಯವಿಟ್ಟು ಹನಿ ಎಣಿಸಬೇಡಿ. 1 ಮಿಲಿ ಅಂದರೆ 20 ಹನಿ ಅಂತ ಎಲ್ಲರ ಬಾಯಲ್ಲೂ ಇದೆ. ನಾನೂ ವರ್ಷಗಟ್ಟಲೆ ನಂಬಿದ್ದೆ. ಒಂದು ದಿನ ತಕ್ಕಡಿ ಮೇಲೆ ಇಟ್ಟು ಎಣಿಸಿದರೆ ಒಂದು ಬಾಟಲಿಯ ಮೂತಿಯಿಂದ 1 ಗ್ರಾಂಗೆ 24 ಹನಿ, ಪಕ್ಕದ ಬಾಟಲಿಯಿಂದ 37. ಅಂದರೆ ನನ್ನ "ಅದೇ ರೆಸಿಪಿ" ಒಂದು ದಿನವೂ ಅದೇ ಆಗಿರಲಿಲ್ಲ! 0.01 ಗ್ರಾಂ ತೋರಿಸುವ ಪುಟ್ಟ ತಕ್ಕಡಿ ತಗೊಳ್ಳಿ. ಒಟ್ಟು 30 ಗ್ರಾಂಗೆ 8 ಪರ್ಸೆಂಟ್ ಅಂದರೆ 2.4 ಗ್ರಾಂ ಫ್ಲೇವರ್, ಉಳಿದ 27.6 ಪಿಜಿ ಮತ್ತು ವಿಜಿ, ಅಂದರೆ ಲಿಕ್ವಿಡ್‌ನ ಮೂಲ ದ್ರವಗಳಾದ ಪ್ರೊಪಿಲೀನ್ ಗ್ಲೈಕಾಲ್ ಮತ್ತು ಸಸ್ಯಜನ್ಯ ಗ್ಲಿಸರಿನ್. ಮುಗೀತು.

ಹೊಸ ಫ್ಲೇವರ್ ಬಂದಾಗ ನಾನು ಮಾಡೋದು ಇಷ್ಟು. 10 ಗ್ರಾಂನ ಮೂರು ಬಾಟಲಿ, 4, 7, 10 ಪರ್ಸೆಂಟ್, ಅಡಿಯಲ್ಲಿ ಟೇಪ್ ಹಚ್ಚಿ ಬರೆದಿಡುತ್ತೇನೆ, ಎಳೆಯುವಾಗ ಅಂಕಿ ಕಾಣಬಾರದು. ಹಣ್ಣಿನದ್ದಾದರೆ ಒಂದೆರಡು ದಿನ ಬಿಡುತ್ತೇನೆ, ಕಸ್ಟರ್ಡ್ ಥರದ್ದಾದರೆ ಎರಡು ಮೂರು ವಾರ. ಮಾಡಿದ ದಿನವೇ ರುಚಿ ನೋಡಿ ಕಸ್ಟರ್ಡ್ ಸಪ್ಪೆ ಅನ್ನೋರಿಗೆ ಏನು ಹೇಳಲಿ. ಆಮೇಲೆ ಬೆಳಿಗ್ಗೆ, ಮೂಗು ಹೊಸದಾಗಿರುವಾಗ, ವೇಪ್‌ನೊಳಗೆ ಹೊಸ ಹತ್ತಿ ಹಾಕಿ ಒಂದೊಂದಾಗಿ ಎಳೆದು ನೋಡುತ್ತೇನೆ. ಹೆಚ್ಚಿನ ಸಲ ನನಗೆ ಇಷ್ಟವಾಗಿದ್ದು ನಡುವಿನದ್ದು, ಕೆಲವು ಸಲ 4. 10 ಗೆದ್ದಿದ್ದು ಬಹಳ ಅಪರೂಪ. ವಿಜಿ ಜಾಸ್ತಿ ಇದ್ದರೆ ರುಚಿ ಸ್ವಲ್ಪ ಮಂಕಾಗುತ್ತದೆ, ಆಗ ಒಂದೆರಡು ಪರ್ಸೆಂಟ್ ಏರಿಸಿದರೆ ನನ್ನ ಅಭ್ಯಂತರ ಇಲ್ಲ.

ಈಗಾಗಲೇ 20 ಸುರಿದುಕೊಂಡು ಕೂತವರು ಚೆಲ್ಲಬೇಡಿ. ಫ್ಲೇವರ್ ಇಲ್ಲದ ಬೇಸ್, ಅಂದರೆ ಬರೀ ಪಿಜಿ-ವಿಜಿ, ಅಷ್ಟೇ ತೂಕ ಬೆರೆಸಿದರೆ 10 ಆಗುತ್ತದೆ.

ಫ್ಲೇವರ್ ಮಾತು ಬಂತು ಅಂತ ಇದನ್ನೂ ಹೇಳಿಬಿಡುತ್ತೇನೆ. ಅಡುಗೆಮನೆಯ ಎಸೆನ್ಸ್ ಹಾಕಬಹುದಾ ಅಂತ ನೇರವಾಗಿ ಯಾರೂ ಕೇಳಲ್ಲ, ಸುಮ್ನೆ ಹಾಕಿಬಿಟ್ಟು ಆಮೇಲೆ ಹೇಳ್ತಾರೆ. ತಿನ್ನಲು ಸುರಕ್ಷಿತ ಅಂದರೆ ಹೊಟ್ಟೆಗೆ, ಶ್ವಾಸಕೋಶಕ್ಕಲ್ಲ. ಬೆಣ್ಣೆಯ ರುಚಿ ಕೊಡುವ ಡೈಅಸಿಟೈಲ್ ತಿನ್ನುವುದಕ್ಕೆ ತೊಂದರೆ ಇಲ್ಲ. ಆದರೆ ಅಮೆರಿಕದ ಮಿಸೌರಿಯ ಮೈಕ್ರೋವೇವ್ ಪಾಪ್‌ಕಾರ್ನ್ ಕಾರ್ಖಾನೆಯಲ್ಲಿ ಅದರ ಆವಿ ಉಸಿರಾಡಿದ ಕೆಲಸಗಾರರಿಗೆ ಶ್ವಾಸಕೋಶದ ಸಣ್ಣ ನಾಳಗಳು ಕಟ್ಟಿಕೊಳ್ಳುವ ಕಾಯಿಲೆ ಬಂದಿದ್ದು 2000ದಲ್ಲಿ ಗೊತ್ತಾಯಿತು. ವೇಪ್‌ಗೆಂದೇ ಮಾಡಿದ ಫ್ಲೇವರ್‌ಗಳಿಗೂ ಪೂರ್ತಿ ಅಪಾಯ ಇಲ್ಲ ಅನ್ನುವ ಪ್ರಮಾಣಪತ್ರ ಕೊಡೋಕಾಗಲ್ಲ, ಡೈಅಸಿಟೈಲ್ ಇಲ್ಲ ಅಂತ ಪರೀಕ್ಷೆಯ ವರದಿ ಕೊಡುವವರದ್ದನ್ನು ಹುಡುಕಿ. ಎಣ್ಣೆಯಲ್ಲಿ ಕರಗಿಸಿದ ಎಸೆನ್ಸ್ ಅಂತೂ ಮುಟ್ಟಲೇಬೇಡಿ. ಎಣ್ಣೆ ಶ್ವಾಸಕೋಶಕ್ಕೆ ಹೋದರೆ ಅದೇ ಒಂದು ಬಗೆಯ ನ್ಯುಮೋನಿಯಾ ತರಬಲ್ಲದು. ಬಾಟಲಿ ಅಲುಗಿಸಿದಾಗ ಮೇಲೆ ಬೇರೆ ಪದರ ತೇಲಿದರೆ, ಎಷ್ಟು ಪರ್ಸೆಂಟ್ ಅಂತ ನನ್ನನ್ನು ಕೇಳಬೇಡಿ. ಸೊನ್ನೆ.