ಲಿವರ್ ಕಸಿಯ ನಂತರ ಬರುವ ಸಕ್ಕರೆ, ಬಿಪಿ, ಬೊಜ್ಜು: ಅಧ್ಯಯನ ಟಿಪ್ಪಣಿ

ಕಸಿ ಮಾಡಿಸಿಕೊಂಡವರ ಎಲ್‌ಎಫ್‌ಟಿ (ಲಿವರ್ ಕೆಲಸ ನೋಡುವ ರಕ್ತ ಪರೀಕ್ಷೆ) ನಾರ್ಮಲ್ ಬಂತೆಂದರೆ ಮನೆಯವರಿಗೆ ನೆಮ್ಮದಿ. ಓದುವವರೂ ಎಷ್ಟೋ ಸಲ ಅಲ್ಲಿಗೇ ಫೈಲ್ ಮುಚ್ಚುತ್ತಾರೆ. ಹಾಗೆ ಮುಚ್ಚಬಾರದು. ಮೊದಲ ವರ್ಷ ದಾಟಿದವರ ಜೀವಕ್ಕೆ ಕುತ್ತು ತರುವುದು ಹೆಚ್ಚಾಗಿ ಹೃದಯ-ರಕ್ತನಾಳದ ಕಾಯಿಲೆ, ಕ್ಯಾನ್ಸರ್, ಸೋಂಕು, ಕಿಡ್ನಿ ವೈಫಲ್ಯ. ಹೊಸ ಲಿವರನ್ನು ದೇಹ ತಿರಸ್ಕರಿಸಿ ಸಾಯುವವರು ಕಡಿಮೆ. ಕೊಡಗಿನವರಿಗೆ ಶಸ್ತ್ರಚಿಕಿತ್ಸೆ ಬೆಂಗಳೂರಿನಲ್ಲೋ ಮೈಸೂರಿನಲ್ಲೋ ಆಗಿರುತ್ತದೆ, ಆದರೆ ತಿಂಗಳು ತಿಂಗಳು ತೂಕ, ಬಿಪಿ, ಸಕ್ಕರೆ ನೋಡುವುದು ಮಡಿಕೇರಿ, ವಿರಾಜಪೇಟೆ, ಸೋಮವಾರಪೇಟೆಯ ಓಪಿಡಿಗಳಲ್ಲಿ.

ಮೊದಲು ಕಾರಣ. ಸಿರೋಸಿಸ್ (ಲಿವರ್ ಗಾಯಗಟ್ಟಿ ಗಡುಸಾಗುವುದು) ಇದ್ದಾಗ ರಕ್ತನಾಳಗಳು ಹಿಗ್ಗಿ ಬಿಪಿ ತಗ್ಗಿರುತ್ತದೆ, ಲಿವರ್ ಸೋತು ಕೊಲೆಸ್ಟ್ರಾಲ್ ಕೂಡ ಕಡಿಮೆ ಇರುತ್ತದೆ, ಸ್ನಾಯು ಕರಗಿರುತ್ತದೆ. ಆ ಹಳೇ ರಿಪೋರ್ಟ್ ನೋಡಿ ‘ಇವರಿಗೆ ಮೊದಲು ಬಿಪಿಯೇ ಇರಲಿಲ್ಲ’ ಅನ್ನುವುದು ತಪ್ಪು ಲೆಕ್ಕ. ಹೊಸ ಲಿವರ್ ಬಂದ ಮೇಲೆ ಹಸಿವು ಮರಳುತ್ತದೆ, ಸ್ಟೀರಾಯ್ಡ್ ಅದನ್ನು ಇನ್ನಷ್ಟು ಕೆರಳಿಸುತ್ತದೆ. ತೂಕ ಏರುತ್ತದೆ, ಆದರೆ ಏರುವುದು ಬಹುಪಾಲು ಕೊಬ್ಬು, ಕಳೆದುಹೋದ ಸ್ನಾಯು ಅಷ್ಟು ಬೇಗ ಬರುವುದಿಲ್ಲ. ಹಾಗಾಗಿ ತೂಕದ ಜೊತೆ ಸೊಂಟದ ಸುತ್ತಳತೆಯನ್ನೂ ಬರೆದಿಡಿ: ನಮ್ಮವರಲ್ಲಿ ಗಂಡಸರಿಗೆ 90 ಸೆಂ.ಮೀ., ಹೆಂಗಸರಿಗೆ 80 ಸೆಂ.ಮೀ. ಮುಟ್ಟಿದರೆ ಎಚ್ಚರಿಕೆ.

ಹೊಸ ಲಿವರನ್ನು ದೇಹ ತಿರಸ್ಕರಿಸದಂತೆ ಕೊಡುವ ಔಷಧಗಳ ಪಾಲು ಬೇರೆ ಬೇರೆ. ಟ್ಯಾಕ್ರೋಲಿಮಸ್ ಮೇದೋಜೀರಕದ ಬೀಟಾ ಕೋಶಗಳಿಂದ ಇನ್ಸುಲಿನ್ ಬರುವುದನ್ನು ತಗ್ಗಿಸುತ್ತದೆ, ಕಿಡ್ನಿಯ ರಕ್ತನಾಳಗಳನ್ನು ಬಿಗಿಯುತ್ತದೆ. ಸೈಕ್ಲೋಸ್ಪೋರಿನ್ ಸಕ್ಕರೆಗೆ ಸ್ವಲ್ಪ ಮೃದು. ಬಿಪಿ, ಕೊಲೆಸ್ಟ್ರಾಲ್ ವಿಷಯದಲ್ಲಿ ಹೆಚ್ಚು ಕಾಟ. ಎವೆರೋಲಿಮಸ್ ಸೇರಿಸಿದರೆ ಟ್ಯಾಕ್ರೋಲಿಮಸ್ ಡೋಸ್ ಇಳಿಸಿ ಕಿಡ್ನಿಯನ್ನು ಕಾಪಾಡಬಹುದು, ಆದರೆ ಟ್ರೈಗ್ಲಿಸರೈಡ್ ಏರುತ್ತದೆ.

ಸಕ್ಕರೆ ಪರೀಕ್ಷೆಯಲ್ಲೇ ಹೆಚ್ಚು ಎಡವುವುದು. ಬೆಳಿಗ್ಗೆ 8ಕ್ಕೆ ಪ್ರೆಡ್ನಿಸೊಲೋನ್ ಎಂಬ ಸ್ಟೀರಾಯ್ಡ್ ನುಂಗಿದವರ ಸಕ್ಕರೆ ಏರುವುದು ಮಧ್ಯಾಹ್ನದ ಊಟದ ನಂತರ, ಸಂಜೆಯವರೆಗೆ. ಮರುದಿನ ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ 95 ಬರಬಹುದು, ಅದೇ ವ್ಯಕ್ತಿಗೆ ಸಂಜೆ 4ಕ್ಕೆ 240. ಫಾಸ್ಟಿಂಗ್ ಒಂದನ್ನೇ ನೋಡಿದವರಿಗೆ ಇದು ಕಾಣುವುದೇ ಇಲ್ಲ. ಎಚ್‌ಬಿಎ1ಸಿ (ಸುಮಾರು ಮೂರು ತಿಂಗಳ ಸರಾಸರಿ ಸಕ್ಕರೆ) ಕೂಡ ಮೊದಲ ತಿಂಗಳುಗಳಲ್ಲಿ ನಂಬಿಕೆಗೆ ಅರ್ಹವಲ್ಲ: ರಕ್ತಹೀನತೆ ಇರುತ್ತದೆ, ರಕ್ತ ಕೊಟ್ಟಿರುತ್ತಾರೆ, ಕೆಂಪು ಕಣಗಳ ವಯಸ್ಸೇ ಬದಲಾಗಿರುತ್ತದೆ, ಸಂಖ್ಯೆ ಸುಳ್ಳಾಗಿ ಕಡಿಮೆ ಬರುತ್ತದೆ. ಅನುಮಾನ ಇದ್ದರೆ 75 ಗ್ರಾಂ ಗ್ಲೂಕೋಸ್ ಪರೀಕ್ಷೆ. 2 ಗಂಟೆಯ ಮೌಲ್ಯ 200 ಅಥವಾ ಹೆಚ್ಚು, ಇಲ್ಲವೇ ಫಾಸ್ಟಿಂಗ್ 126 ಅಥವಾ ಹೆಚ್ಚು ಇದ್ದರೆ ಮಧುಮೇಹ. ಆದರೆ ಆಸ್ಪತ್ರೆಯಲ್ಲಿದ್ದಾಗ, ಸ್ಟೀರಾಯ್ಡ್ ಜೋರಾಗಿದ್ದಾಗ ಏರಿದ ಸಕ್ಕರೆಗೆ ಚಿಕಿತ್ಸೆ ಕೊಡಬೇಕೇ ಹೊರತು ಶಾಶ್ವತ ಮಧುಮೇಹ ಎಂದು ಅಚ್ಚೊತ್ತಬಾರದು. ಡೋಸ್ ಸ್ಥಿರವಾದ ಮೇಲೆ ಮತ್ತೆ ಪರೀಕ್ಷಿಸಿ ನಿರ್ಧರಿಸಬೇಕು. ಆರಂಭದಲ್ಲಿ ಇನ್ಸುಲಿನ್ನೇ ಸುರಕ್ಷಿತ. ಮೆಟ್‌ಫಾರ್ಮಿನ್‌ಗೆ ಮುಂಚೆ ಇಜಿಎಫ್‌ಆರ್ (ಕಿಡ್ನಿ ಎಷ್ಟು ಸೋಸುತ್ತಿದೆ ಎಂಬ ಲೆಕ್ಕ) ನೋಡಿ. 30ಕ್ಕಿಂತ ಕಡಿಮೆ ಇದ್ದರೆ ಬೇಡ.

ಬಿಪಿ ಗುರಿ 130/80ರ ಒಳಗೆ. ಆಮ್ಲೋಡಿಪಿನ್ ಮೊದಲ ಆಯ್ಕೆ. ಡಿಲ್ಟಿಯಾಜೆಮ್, ವೆರಾಪಮಿಲ್ ಬರೆದುಬಿಟ್ಟರೆ ಟ್ಯಾಕ್ರೋಲಿಮಸ್ ಮಟ್ಟ ಜಿಗಿಯುತ್ತದೆ, ಕೈ ನಡುಗುತ್ತದೆ, ಕ್ರಿಯಾಟಿನಿನ್ ಏರುತ್ತದೆ. ಮೂತ್ರದಲ್ಲಿ ಪ್ರೋಟೀನ್ ಇದ್ದರೆ ಎಆರ್‌ಬಿ ಗುಂಪಿನ ಬಿಪಿ ಮಾತ್ರೆ ಒಳ್ಳೆಯದು, ಆದರೆ ಪೊಟ್ಯಾಶಿಯಂ ಮೇಲೆ ಕಣ್ಣಿಡಿ. ಟ್ಯಾಕ್ರೋಲಿಮಸ್ ಮೊದಲೇ ಅದನ್ನು ಏರಿಸಿರುತ್ತದೆ. ಕೊಲೆಸ್ಟ್ರಾಲ್ ಇಳಿಸುವ ಸ್ಟ್ಯಾಟಿನ್‌ಗಳಲ್ಲಿ ಸೈಕ್ಲೋಸ್ಪೋರಿನ್ ಜೊತೆ ಸಿಮ್ವಾಸ್ಟ್ಯಾಟಿನ್ ಕೂಡದು, ಸ್ನಾಯು ಕರಗಿ ಕಿಡ್ನಿ ಕಟ್ಟುವ ಅಪಾಯವಿದೆ. ಪ್ರವಾಸ್ಟ್ಯಾಟಿನ್ ವಾಸಿ.

ಊಟದ ವಿಷಯ ನಮ್ಮ ನೆಲದ್ದೇ ಆಗಬೇಕು, ಚಾರ್ಟ್‌ನಲ್ಲಿರುವ ಓಟ್ಸ್ ಯಾರೂ ಮುಂದುವರಿಸುವುದಿಲ್ಲ. ಕಡಂಬುಟ್ಟು, ನೂಪುಟ್ಟು, ಅಕ್ಕಿ ಒಟ್ಟಿ ಮೂರೂ ಅಕ್ಕಿಯೇ. ಬಿಡಿಸುವ ಬದಲು ತಟ್ಟೆಯ ಕಾಲು ಭಾಗಕ್ಕೆ ಇಳಿಸಿ, ಅರ್ಧ ತಟ್ಟೆ ಸೊಪ್ಪು-ತರಕಾರಿ, ಉಳಿದದ್ದಕ್ಕೆ ಮೀನು, ಕೋಳಿ, ಮೊಟ್ಟೆಯ ಬಿಳಿ ಅಥವಾ ಕಾಳು. ಪಂದಿ ಕರಿ ತಿನ್ನುವವರು ಚರ್ಮ-ಕೊಬ್ಬಿನ ತುಂಡು ಬದಿಗಿಟ್ಟು, ಮಾಂಸ ಒಳಗೂ ಪೂರ್ತಿ ಬೆಂದಿದೆಯೇ ನೋಡಲಿ: ಅರೆಬೆಂದ ಹಂದಿಮಾಂಸದಿಂದ ಬರುವ ಹೆಪಟೈಟಿಸ್ ಇ ಇವರಲ್ಲಿ ದೀರ್ಘಕಾಲ ಉಳಿಯಬಲ್ಲದು. ಉಪ್ಪು ದಿನಕ್ಕೆ 5 ಗ್ರಾಂ ಒಳಗೆ. ಉಪ್ಪಿನಕಾಯಿ, ಒಣಮೀನು ಸೇರಿಸಿಯೇ ಲೆಕ್ಕ. ಮನೆಯ ವೈನ್ ಕೂಡ ಆಲ್ಕೋಹಾಲೇ.

ಹಿತ್ತಲಿನ ಚಕ್ಕೋತದ ಬಗ್ಗೆ ಪ್ರತಿ ರೋಗಿಗೂ ಹೇಳಿ. ಅದರಲ್ಲಿರುವ ಫ್ಯುರಾನೊಕೌಮರಿನ್‌ಗಳು ಔಷಧವನ್ನು ಒಡೆಯುವ ಕರುಳಿನ ಸಿವೈಪಿ3ಎ4 ಕಿಣ್ವವನ್ನು ತಡೆದು ಟ್ಯಾಕ್ರೋಲಿಮಸ್ ಮಟ್ಟ ಏರಿಸುತ್ತವೆ. ಕೊಡಗಿನ ಕಿತ್ತಳೆ ಬೇರೆ ಜಾತಿ, ಹಣ್ಣಾಗಿ ತಿನ್ನಬಹುದು. ಸಕ್ಕರೆ ಇರುವವರಿಗೆ ಜ್ಯೂಸ್ ಬೇಡ. ತೂಕ ಇಳಿಸಲೆಂದು ಮಾರುವ ಗಾರ್ಸೀನಿಯಾ ಕ್ಯಾಪ್ಸೂಲ್‌ಗಳು ಲಿವರ್‌ಗೆ ಪೆಟ್ಟು ಕೊಟ್ಟದ್ದು ವರದಿಯಾಗಿದೆ. ಕಾಚಂಪುಳಿಯೂ ಗಾರ್ಸೀನಿಯಾ ಹಣ್ಣಿನ ಹುಳಿಯೇ, ಆದರೆ ಅಡುಗೆಗೆ ಹಾಕುವ ಅದರ ನಾಲ್ಕು ಹನಿಯನ್ನು ಆ ಕ್ಯಾಪ್ಸೂಲ್‌ಗೆ ಹೋಲಿಸಿ ಹೆದರಿಸಬೇಡಿ. ಕೊಡವರ ಕಕ್ಕಡ ತಿಂಗಳ 18ನೇ ದಿನ ಮಾಡುವ ಮದ್ದುಸೊಪ್ಪಿನ ಪಾಯಸಕ್ಕೆ ಬೆಲ್ಲ ಬೀಳುತ್ತದೆ, ಸೊಪ್ಪಿನ ರಸವೂ ಔಷಧಿಯ ಬಗೆಯದ್ದೇ. ಕಸಿ ತಂಡವನ್ನು ಕೇಳದೆ ಕುಡಿಯದಿರಲಿ.

ಮಳೆಗಾಲದ ನಾಲ್ಕು ತಿಂಗಳು ನಡಿಗೆ ನಿಂತು ತೂಕ ಏರುವುದು ಇಲ್ಲಿ ಸಹಜ. ಕುರ್ಚಿಯಿಂದ ಕೈ ಊರದೆ 10 ಸಲ ಏಳುವುದು, ಮನೆಯ ಮೆಟ್ಟಿಲು ಹತ್ತುವುದು, ಇವು ಜಗಲಿಯಲ್ಲೇ ಆಗುತ್ತವೆ, ತೊಡೆಯ ಸ್ನಾಯುವೂ ಕಟ್ಟುತ್ತದೆ.

ಕೊನೆಗೆ ರಕ್ತ ಪರೀಕ್ಷೆಯ ದಿನ. ಟ್ಯಾಕ್ರೋಲಿಮಸ್ ಮಟ್ಟ ನೋಡಬೇಕಾದ್ದು ಹಿಂದಿನ ರಾತ್ರಿಯ ಡೋಸ್ ಆಗಿ 12 ಗಂಟೆಗೆ. ಮೈಸೂರಿಗೆ ಹೋಗುವವರು ಬಸ್ ಹತ್ತುವ ಮೊದಲು ಮಾತ್ರೆ ನುಂಗಿದರೆ ಮಟ್ಟ ಹೆಚ್ಚು ತೋರಿಸುತ್ತದೆ, ಡೋಸ್ ಇಳಿಸಿಬಿಡುತ್ತಾರೆ, ಆಗ ತಿರಸ್ಕಾರದ ಭಯ. ಮಾತ್ರೆ ಜೇಬಿನಲ್ಲಿರಲಿ, ರಕ್ತ ಕೊಟ್ಟ ತಕ್ಷಣ ನುಂಗಲಿ. ಹಿಂದಿನ ಡೋಸ್ ಎಷ್ಟು ಗಂಟೆಗೆ ಎಂದು ಲ್ಯಾಬ್ ಚೀಟಿಯ ಮೇಲೆ ಬರೆಸಿ.