ಕ್ರೈಸ್ತರಾದ್ಮೇಲೆ ಇಸ್ರೇಲ್ ಪರ ನಿಲ್ಲಲೇಬೇಕಲ್ವಾ, ಶಾಂತಿ ಗೀಂತಿ ಅಂತ ಚರ್ಚುಗಳು ಯಾಕೆ ಮಾತಾಡ್ತವೆ?

ಪ್ರಶ್ನೆ: "ಅಕ್ಕಾ, ಇಸ್ರೇಲನ್ನ ಆಶೀರ್ವದಿಸಿದವ್ರಿಗೆ ಆಶೀರ್ವಾದ ಸಿಗುತ್ತೆ ಅಂತ ಬೈಬಲ್‌ನಲ್ಲೇ ಇದೆ. ಅಂದ್ಮೇಲೆ ಕೆಲವು ಬಿಷಪ್‌ಗಳು, ಪಾಸ್ಟರ್‌ಗಳು ಪ್ಯಾಲೆಸ್ಟೀನಿನವ್ರ ಬಗ್ಗೆ ಶಾಂತಿ, ನ್ಯಾಯ ಅಂತ ಯಾಕೆ ಮಾತಾಡ್ತಾರೆ? ಅವ್ರೆಲ್ಲ ಮುಸ್ಲಿಮರು ತಾನೇ, ನಮ್ಗೇನು ಸಂಬಂಧ?"

ಇದಕ್ಕೆ ಎಷ್ಟನೇ ಸಲ ಉತ್ತರ ಹೇಳ್ತಿದೀನೋ ಲೆಕ್ಕ ಇಟ್ಟಿಲ್ಲ. ಸಂಡೇ ಸ್ಕೂಲ್‌ನಲ್ಲಿ ಮಕ್ಕಳು ಕೇಳ್ತಾರೆ, ಪ್ರಾರ್ಥನಾ ಕೂಟ ಮುಗಿದು ಟೀ ಕುಡೀವಾಗ ದೊಡ್ಡವ್ರು ಕೇಳ್ತಾರೆ, ರಾತ್ರಿ ಹನ್ನೊಂದಕ್ಕೆ ವಾಟ್ಸಾಪ್‌ನಲ್ಲೂ ಕೇಳ್ತಾರೆ. ಈ ಸಲ ಪೂರ್ತಿ ಬರೆದಿಡ್ತೀನಿ, ಮುಂದಿನ ಸಲ ಇದನ್ನೇ ಓದಿ ಅಂತೀನಿ.

ಆಶೀರ್ವಾದದ ವಚನ ಮೊದ್ಲು ನೋಡೋಣ, ಅದು ಸುಲಭ. ಆದಿಕಾಂಡ 12:3 ತೆಗೀರಿ. ಅಲ್ಲಿ ಇಸ್ರೇಲ್ ಅನ್ನೋ ಪದವೇ ಇಲ್ಲ. ದೇವರು ಮಾತಾಡ್ತಿರೋದು ಅಬ್ರಾಮನ ಹತ್ರ, ಯಾಕೋಬನಿಗೆ ಇಸ್ರಾಯೇಲ ಅನ್ನೋ ಹೆಸರು ಬಂದಿದ್ದು 32ನೇ ಅಧ್ಯಾಯದಲ್ಲಿ. ಅದೇ ವಚನದ ಕೊನೇಲಿ ಭೂಮಿಯ ಎಲ್ಲಾ ಕುಲದವ್ರಿಗೂ ಆಶೀರ್ವಾದ ಅಂತಿದೆ, ಅದನ್ನ ಮಾತ್ರ ಯಾರೂ ಓದಲ್ಲ. ಈ ಮಾತನ್ನ ಇವತ್ತಿನ ಒಂದು ಸರ್ಕಾರಕ್ಕೆ, ಅದರ ಸೇನೆಗೆ ಅಂಟಿಸೋದು ಬೈಬಲ್‌ನಷ್ಟು ಹಳೇ ವಿಚಾರ ಅಲ್ಲ, 19ನೇ ಶತಮಾನದಲ್ಲಿ ಜಾನ್ ನೆಲ್ಸನ್ ಡಾರ್ಬಿ ಅನ್ನೋ ಬೋಧಕ ಹರಡಿದ ವ್ಯಾಖ್ಯಾನದಿಂದ ಬೆಳೆದು, 1909ರಲ್ಲಿ ಬಂದ ಸ್ಕೋಫೀಲ್ಡ್ ಬೈಬಲ್‌ನ ಅಡಿಟಿಪ್ಪಣಿಗಳಿಂದ ಅಮೆರಿಕದ ಮನೆಮನೆ ಸೇರಿ ಅಲ್ಲಿಂದ ನಮ್ಮ ತನಕ ಬಂದಿದ್ದು. ಟಿಪ್ಪಣಿ ಬೇರೆ, ವಚನ ಬೇರೆ. ವಚನವೇ ಬೇಕು ಅಂದ್ರೆ ಯೆಹೆಜ್ಕೇಲ 47:22 ಓದಿ, ನಿಮ್ಮ ಮಧ್ಯೆ ಇರೋ ಪರದೇಶದವ್ರಿಗೂ ನಿಮ್ಮಂತೆಯೇ ಜಮೀನಲ್ಲಿ ಪಾಲು ಕೊಡಿ ಅಂತ ದೇವರೇ ಹೇಳ್ತಾನೆ.

ಈಗ "ಅವ್ರೆಲ್ಲ ಮುಸ್ಲಿಮರು ತಾನೇ" ಅನ್ನೋದು. ನಂಗೆ ನಿಜವಾಗ್ಲೂ ಸಂಕಟ ಆಗೋದು ಇದಕ್ಕೆ.

ಹೋಲಿ ಲ್ಯಾಂಡ್ ಟೂರ್‌ಗೆ ಹೋದವ್ರು ಬೆತ್ಲೆಹೇಮ್‌ನಿಂದ ಆಲಿವ್ ಮರದ ಗೋದಲಿ ತಂದು ಶೋಕೇಸ್‌ನಲ್ಲಿ ಇಟ್ಟಿರ್ತಾರಲ್ಲ, ಅದನ್ನ ಕೆತ್ತಿದವ್ರು ಯಾರು ಅಂತ ಒಂದ್ಸಲನಾದ್ರೂ ಯೋಚಿಸಿದೀರಾ? ಬೆತ್ಲೆಹೇಮ್, ಬೇತ್ ಸಾಹೂರ್‌ನಲ್ಲಿ ಆ ಕಸುಬು ಬಹುಮಟ್ಟಿಗೆ ಕ್ರೈಸ್ತ ಕುಟುಂಬಗಳದ್ದು. ಪ್ಯಾಲೆಸ್ಟೀನಿನ ಕ್ರೈಸ್ತರು. ಅರಬ್ ಕ್ರೈಸ್ತರು. ಇಷ್ಟು ಹೇಳಿದ ಕೂಡ್ಲೇ ಬರೋ ಮುಂದಿನ ಪ್ರಶ್ನೆ, "ಅವ್ರು ಯಾವಾಗ ಕನ್ವರ್ಟ್ ಆದ್ರು?" ಅಯ್ಯೋ, ಅಪೊಸ್ತಲರ ಕೃತ್ಯಗಳು 2:11 ನೋಡಿ, ಪಂಚಾಶತ್ತಮ ಹಬ್ಬದ ದಿನ ಯೆರೂಸಲೇಮಿನಲ್ಲಿ ನಿಂತು ಕೇಳಿಸ್ಕೊಂಡವ್ರ ಪಟ್ಟೀಲಿ ಅರಬ್ಬರೂ ಇದಾರೆ! ಅಲ್ಲಿನ ಸಭೆ ಮೊದಲ ಶತಮಾನದ್ದು, ಯಾವ ಮಿಷನರಿಯೂ ಯುರೋಪಿನಿಂದ ಹಡಗಲ್ಲಿ ಹೋಗಿ ಕಟ್ಟಿದ್ದಲ್ಲ. ಗಾಜಾದಲ್ಲಿರೋ ಸಂತ ಪೋರ್ಫಿರಿಯಸ್ ಚರ್ಚಿನ ಹೆಸರು ಐದನೇ ಶತಮಾನದ ಅಲ್ಲಿನ ಬಿಷಪ್‌ದು. ಅದೇ ಚರ್ಚಿನ ಆವರಣದಲ್ಲಿ ಆಶ್ರಯ ಪಡ್ಕೊಂಡಿದ್ದ ಜನ 2023ರ ಅಕ್ಟೋಬರ್ 19ರ ರಾತ್ರಿ ಇಸ್ರೇಲಿನ ವೈಮಾನಿಕ ದಾಳೀಲಿ ಸತ್ರು. ಯುದ್ಧಕ್ಕೆ ಮುಂಚೆ ಗಾಜಾದಲ್ಲಿದ್ದ ಕ್ರೈಸ್ತರೇ ಹೆಚ್ಚುಕಮ್ಮಿ ಸಾವಿರ ಜನ. ಅಲ್ಲಿನ ಕ್ಯಾಥೊಲಿಕ್ ಚರ್ಚಿಗೆ ಪೋಪ್ ಫ್ರಾನ್ಸಿಸ್ 2025ರ ಏಪ್ರಿಲ್‌ನಲ್ಲಿ ತೀರಿಕೊಳ್ಳೋ ತನಕ ಹೆಚ್ಚುಕಮ್ಮಿ ಪ್ರತಿ ಸಂಜೆ ಫೋನ್ ಮಾಡ್ತಿದ್ರು.

ಇನ್ನೊಂದು ಊರು ಹೇಳ್ತೀನಿ, ಇಕ್ರಿತ್ ಅಂತ, ಲೆಬನಾನ್ ಗಡಿ ಹತ್ರ. ಅಲ್ಲಿದ್ದವ್ರು ಮೆಲ್ಕೈಟ್ ಕ್ಯಾಥೊಲಿಕರು, ಅಂದ್ರೆ ಪೋಪ್‌ರನ್ನ ಒಪ್ಪೋ, ಆದ್ರೆ ಪೂರ್ವದ ಗ್ರೀಕ್ ಪದ್ಧತೀಲಿ ಆರಾಧಿಸೋ ಕ್ರೈಸ್ತರು. 1948ರ ನವೆಂಬರ್‌ನಲ್ಲಿ ಇಸ್ರೇಲ್ ಸೇನೆ ಬಂದು ಎರಡು ವಾರದ ಮಟ್ಟಿಗೆ ಊರು ಬಿಡಿ, ಆಮೇಲೆ ವಾಪಸ್ ಬರ್ಬೋದು ಅಂತು, ಇವ್ರು ನಂಬಿ ಹೊರಟ್ರು, ವಾಪಸ್ ಬಿಡ್ಲೇ ಇಲ್ಲ. ಕೋರ್ಟಿಗೆ ಹೋದ್ರು. 1951ರ ಜುಲೈನಲ್ಲಿ ಇಸ್ರೇಲಿನ ಸುಪ್ರೀಂ ಕೋರ್ಟೇ ಇವ್ರ ಪರ ತೀರ್ಪು ಕೊಡ್ತು. ಅದೇ ವರ್ಷ ಕ್ರಿಸ್ಮಸ್ ಹೊತ್ತಿಗೆ ಸೇನೆ ಮನೆಗಳನ್ನೆಲ್ಲ ಸ್ಫೋಟಿಸಿ ಉರುಳಿಸ್ತು, ಚರ್ಚೊಂದು ಉಳೀತು. ಈ ಜನ ಇಸ್ರೇಲಿನ ಪ್ರಜೆಗಳೇ, ವೋಟ್ ಹಾಕ್ತಾರೆ. ಸತ್ತವ್ರನ್ನ ಮಣ್ಣು ಮಾಡೋಕೆ ಮಾತ್ರ ಇವತ್ತಿಗೂ ಆ ಊರಿಗೆ ತರ್ತಾರೆ.

ಇಂಥವ್ರು ಶಾಂತಿ ಬಗ್ಗೆ ಮಾತಾಡಿದ್ರೆ "ಚರ್ಚಿಗೇನು ಸಂಬಂಧ" ಅಂತ ಕೇಳ್ಬೋದಾ? 1987ರಲ್ಲಿ ಯೆರೂಸಲೇಮಿನ ಲ್ಯಾಟಿನ್ ಪೇಟ್ರಿಯಾರ್ಕ್, ಅಂದ್ರೆ ಅಲ್ಲಿನ ರೋಮನ್ ಕ್ಯಾಥೊಲಿಕರ ಮುಖ್ಯಸ್ಥ ಆದ ಮಿಶೆಲ್ ಸಬ್ಬಾಹ್ ನಜರೇತಿನಲ್ಲೇ ಹುಟ್ಟಿದವ್ರು. 2006ರಲ್ಲಿ ಅವ್ರೂ, ಅಲ್ಲಿನ ಆಂಗ್ಲಿಕನ್, ಲೂಥರನ್, ಸಿರಿಯನ್ ಆರ್ಥೊಡಾಕ್ಸ್ ಬಿಷಪ್‌ಗಳೂ ಸೇರಿ ನಾಲ್ಕು ಜನ ಸಹಿ ಹಾಕಿ, ಕ್ರಿಶ್ಚಿಯನ್ ಝಯೋನಿಸಂ (ಇವತ್ತಿನ ಇಸ್ರೇಲ್ ದೇಶದ ಪರ ನಿಲ್ಲೋದು ಬೈಬಲ್‌ನ ಆಜ್ಞೆ ಅನ್ನೋ ವಾದ) ತಪ್ಪು ಬೋಧನೆ ಅಂತ ಸ್ಪಷ್ಟವಾಗಿ ಹೇಳಿದ್ರು. 2009ರ ಡಿಸೆಂಬರ್‌ನಲ್ಲಿ ಬೆತ್ಲೆಹೇಮ್‌ನಿಂದ ಕೈರೋಸ್ ಪ್ಯಾಲೆಸ್ಟೀನ್ ಅನ್ನೋ ಹೇಳಿಕೆ ಬಂತು, ದಕ್ಷಿಣ ಆಫ್ರಿಕಾದ ಚರ್ಚಿನವ್ರು ವರ್ಣಭೇದದ ವಿರುದ್ಧ 1985ರಲ್ಲಿ ಬರೆದ ಕೈರೋಸ್ ಪತ್ರ ಇದಕ್ಕೆ ಮಾದರಿ. ಪ್ಯಾಲೆಸ್ಟೀನಿನವ್ರ ನೆಲವನ್ನ ಇಸ್ರೇಲ್ ಹಿಡಿದಿಟ್ಟುಕೊಂಡಿರೋದು ಪಾಪ, ಅದನ್ನ ವಿರೋಧಿಸ್ಬೇಕು, ಆದ್ರೆ ಪ್ರೀತಿಯ ದಾರೀಲಿ ವಿರೋಧಿಸ್ಬೇಕು ಅನ್ನೋದು ಅದರ ತಿರುಳು.

ನಮ್ಮ ಕನ್ನಡ ಬೈಬಲ್‌ನಲ್ಲಿ ಮತ್ತಾಯ 5:9 "ಸಮಾಧಾನಪಡಿಸುವವರು ಧನ್ಯರು" ಅಂತಿದೆ. ತೊಂದ್ರೆ ಏನಂದ್ರೆ ಮನೇಲಿ ನಾವು "ಸಮಾಧಾನ ಮಾಡ್ಕೋ" ಅಂದ್ರೆ ಸುಮ್ನಿರು, ನುಂಗ್ಕೋ ಅಂತ ಅರ್ಥ. ಆ ಅರ್ಥದಲ್ಲೇ ವಚನ ಓದಿ, ಶಾಂತಿ ಕೆಲಸ ಅಂದ್ರೆ ಕಣ್ಣು ಮುಚ್ಚಿ ಪ್ರಾರ್ಥನೆ ಮಾಡೋದು ಅಷ್ಟೇ ಅಂದ್ಕೊಂಡಿದೀವಿ. ಅಲ್ಲಿ ಮಾಡೋವ್ರನ್ನ ನೋಡಿ. ಬೆತ್ಲೆಹೇಮ್ ನೈಋತ್ಯಕ್ಕೆ ನಹಾಲೀನ್ ಪಕ್ಕದ ಗುಡ್ಡದ ಮೇಲೆ ನಸ್ಸಾರ್ ಅನ್ನೋ ಲೂಥರನ್ ಕುಟುಂಬದ ಜಮೀನಿದೆ, ಅಜ್ಜ 1916ರಲ್ಲಿ ಕೊಂಡಿದ್ದು. ಅದು ಸರ್ಕಾರಿ ಭೂಮಿ ಅಂತ 1991ರಲ್ಲಿ ಇಸ್ರೇಲ್ ಘೋಷಿಸ್ತು, ಅವತ್ತಿಂದ ಕೋರ್ಟ್ ಅಲೆದಾಟ, ಸುತ್ತಲೂ ಇಸ್ರೇಲಿಗಳು ಬಂದು ಕಟ್ಟಿಕೊಂಡಿರೋ ವಸಾಹತುಗಳು. ಕಟ್ಟೋಕೆ ಪರ್ಮಿಷನ್ ಸಿಗಲ್ಲ, ಅದಕ್ಕೆ ಗುಹೇಲಿ ಸಭೆ ಮಾಡ್ತಾರೆ, ಸೋಲಾರ್ ಹಾಕ್ಕೊಂಡಿದಾರೆ. 2014ರ ಮೇನಲ್ಲಿ ಸೇನೆ ಬುಲ್ಡೋಜರ್ ತಂದು ಹಣ್ಣಿನ ಮರಗಳನ್ನ ನೂರುಗಟ್ಲೆ ಕಿತ್ತು ಹಾಕ್ತು, ಅವ್ರು ಮತ್ತೆ ಸಸಿ ನೆಟ್ರು, ನೆಡೋಕೆ ಬಂದವ್ರಲ್ಲಿ ಯೆಹೂದ್ಯರೂ ಇದ್ರು. ಗೇಟಿನ ಹತ್ರ ಒಂದು ಕಲ್ಲಿನ ಮೇಲೆ ಬರೆದಿದಾರೆ, ನಾವು ವೈರಿಗಳಾಗೋಕೆ ಒಪ್ಪಲ್ಲ ಅಂತ. ಹೀಗೇ 2002ರಿಂದ ವರ್ಲ್ಡ್ ಕೌನ್ಸಿಲ್ ಆಫ್ ಚರ್ಚಸ್ (ಲೋಕದ ಹಲವು ಚರ್ಚುಗಳ ಒಕ್ಕೂಟ)ನವ್ರು ಬೇರೆಬೇರೆ ದೇಶಗಳಿಂದ ಸ್ವಯಂಸೇವಕರನ್ನ ಅಲ್ಲಿಗೆ ಮೂರು ಮೂರು ತಿಂಗಳಿಗೆ ಕಳಿಸ್ತಿದ್ರು, ಬೆಳಗಿನ ಜಾವ ಚೆಕ್‌ಪೋಸ್ಟ್‌ನಲ್ಲಿ ನಿಂತು ಏನಾಗುತ್ತೆ ಅಂತ ಬರ್ಕೊಳ್ಳೋದು, ಸ್ಕೂಲ್ ಮಕ್ಕಳ ಜೊತೆ ನಡೆದು ಹೋಗೋದು, ಆಲಿವ್ ಕೊಯ್ಲಿಗೆ ರೈತರ ಪಕ್ಕ ನಿಲ್ಲೋದು. ಜೊತೆಗಿರೋದೇ ಅವ್ರ ಕೆಲಸ.

"ಹಾಗಾದ್ರೆ ಇದು ಯೆಹೂದ್ಯರ ವಿರುದ್ಧ ಅಲ್ವಾ?" ಅಲ್ಲ. ಶತಮಾನಗಟ್ಲೆ ಯುರೋಪಿನ ಚರ್ಚ್ ಯೆಹೂದ್ಯರಿಗೆ ಮಾಡಿದ್ದು ನಾಚಿಕೆಗೇಡು, ಅದನ್ನ ಮರೆಯೋ ಹಾಗಿಲ್ಲ, ಆ್ಯಂಟಿಸೆಮಿಟಿಸಂ, ಅಂದ್ರೆ ಯೆಹೂದ್ಯರ ಮೇಲಿನ ದ್ವೇಷ, ದೇವರಿಗೂ ಮನುಷ್ಯರಿಗೂ ವಿರುದ್ಧವಾದ ಪಾಪ ಅಂತ ಅದೇ ವರ್ಲ್ಡ್ ಕೌನ್ಸಿಲ್ 1948ರ ತನ್ನ ಮೊದಲ ಸಭೇಲೇ ಹೇಳಿದೆ. 2023ರ ಅಕ್ಟೋಬರ್ 7ರಂದು ಹಮಾಸ್‌ನವ್ರು ಸುಮಾರು 1,200 ಜನರನ್ನ ಕೊಂದು ಮಕ್ಕಳನ್ನೂ ಬಿಡದೆ ಎತ್ತಿಕೊಂಡು ಹೋದಾಗ, ಆ ಮಕ್ಕಳನ್ನ ಬಿಡೋದಾದ್ರೆ ಬದಲಿಗೆ ನಾನೇ ಒತ್ತೆಯಾಗಿ ಬರೋಕೆ ರೆಡಿ ಅಂದಿದ್ದು ಯೆರೂಸಲೇಮಿನ ಕಾರ್ಡಿನಲ್ ಪಿಝಬಲ್ಲಾ. ಗಾಜಾದವ್ರಿಗೋಸ್ಕರ ಅಷ್ಟು ಗಟ್ಟಿಯಾಗಿ ಮಾತಾಡೋದೂ ಅವ್ರೇ. ಕರಾವಳಿಯಿಂದ ಇಸ್ರೇಲಿಗೆ ಕೇರ್‌ಗಿವರ್ ಕೆಲಸಕ್ಕೆ ಹೋಗಿರೋ ನಮ್ಮ ಅಕ್ಕ ತಂಗಿಯರು ಸೈರನ್ ಆದಾಗ ಯೆಹೂದಿ ಅಜ್ಜಿಯ ಕೈ ಹಿಡ್ಕೊಂಡು ಶೆಲ್ಟರ್‌ಗೆ ಓಡ್ತಾರಲ್ಲ, ಆ ಅಜ್ಜಿಗೋಸ್ಕರ ಪ್ರಾರ್ಥಿಸೋಕೆ ಗಾಜಾದ ಅಜ್ಜಿನ ಬಿಡ್ಬೇಕಾಗಿಲ್ಲ.

ಯಾರೂ ಕೇಳದೇ ಇರೋದನ್ನೂ ಒಂದು ಹೇಳಿಬಿಡ್ತೀನಿ, ಯಾಕಂದ್ರೆ ಇದೂ ಅದೇ ತಪ್ಪು ತಿಳುವಳಿಕೆಯ ಬೇರು. ಪ್ಯಾಲೆಸ್ಟೀನಿನ ಆ ಅರಬ್ ಕ್ರೈಸ್ತರು ದೇವರನ್ನ ಏನಂತ ಕರೀತಾರೆ? ಅಲ್ಲಾಹ್. ಅರಬಿ ಭಾಷೇಲಿ ದೇವರು ಅನ್ನೋದಕ್ಕೆ ಇರೋ ಪದ ಅದು. 1865ರಲ್ಲಿ ಬಂದ ವ್ಯಾನ್ ಡೈಕ್ ಅರಬಿ ಬೈಬಲ್‌ನಲ್ಲಿ ಯೋಹಾನ 3:16 ತೆಗೆದ್ರೆ ಲೋಕವನ್ನ ಅಷ್ಟು ಪ್ರೀತಿಸಿದ್ದು ಅಲ್ಲಾಹ್ ಅಂತಲೇ ಇದೆ. ನಾವು ಪಕ್ಕದ ಮನೆ ಹಿಂದೂಗಳು ಹೇಳೋ "ದೇವರು" ಅನ್ನೋ ಪದದಲ್ಲೇ ಪ್ರಾರ್ಥನೆ ಮಾಡ್ತೀವಲ್ಲ, ಹಾಗೇ ಇದು. ಬೆತ್ಲೆಹೇಮ್‌ನ ಚರ್ಚಿನಲ್ಲಿ ಅಲ್ಲಾಹ್ ಅಂತ ಹಾಡೋ ವಿಡಿಯೋ ಬಂದ್ರೆ ಗಾಬರಿಯಾಗಿ ಫಾರ್ವರ್ಡ್ ಮಾಡ್ಬೇಡಿ, ಪೂರ್ತಿ ಕೇಳಿ. ಈಸ್ಟರ್ ದಿನ ಅವ್ರು ಒಬ್ರಿಗೊಬ್ರು "ಅಲ್ ಮಸೀಹ್ ಕಾಮ್" ಅಂತಾರೆ, ಕ್ರಿಸ್ತ ಎದ್ದಿದ್ದಾನೆ ಅಂತ. ಎದುರಿಗಿರೋವ್ರು "ಹಕ್ಕನ್ ಕಾಮ್" ಅಂತಾರೆ, ನಿಜವಾಗ್ಲೂ ಎದ್ದಿದ್ದಾನೆ.