ಗುರಿ ಏಕೆ ತಪ್ಪಿತು: ಯುದ್ಧವಿಮಾನ ಸಿಮ್ಯುಲೇಟರ್‌ಗಳಲ್ಲಿ ಆಯುಧದ ನೈಜತೆ

ಎರಡನೇ ಮಹಾಯುದ್ಧದ ಕಡೆಯ ವರ್ಷಗಳ ಎರಡು ವಿಮಾನಗಳು, ಕಂಪ್ಯೂಟರ್‌ನಲ್ಲಿ ಯುದ್ಧವಿಮಾನ ಹಾರಿಸುವ ಡಿಸಿಎಸ್ ವರ್ಲ್ಡ್ ಸಿಮ್ಯುಲೇಟರ್‌ನಲ್ಲಿ ಎದುರುಬದುರಾಗಿ ಸಿಗುತ್ತವೆ: ಬ್ರಿಟನ್ನಿನ ಸ್ಪಿಟ್‌ಫೈರ್ ಮಾರ್ಕ್ 9 ಮತ್ತು ಜರ್ಮನಿಯ ಬಿಎಫ್ 109 ಕೆ-4. ಮೊದಲನೆಯದರ ರೆಕ್ಕೆಗಳಲ್ಲಿ 20 ಮಿ.ಮೀ. ಹಿಸ್ಪಾನೊ ಫಿರಂಗಿಗಳಿದ್ದು, ಅವುಗಳ ಶೆಲ್ ನಳಿಕೆಯಿಂದ ಸೆಕೆಂಡಿಗೆ ಸುಮಾರು 860 ಮೀಟರ್ ವೇಗದಲ್ಲಿ ಹೊರಬೀಳುತ್ತದೆ. ಎರಡನೆಯದರ ಪ್ರೊಪೆಲ್ಲರಿನ ನಡುವಿನಿಂದ ಹಾರುವ 30 ಮಿ.ಮೀ. ಎಂಕೆ 108 ಫಿರಂಗಿಯ ಶೆಲ್‌ನ ವೇಗ ಸುಮಾರು 540 ಮೀಟರ್ ಮಾತ್ರ. ಗಾಳಿಯ ತಡೆಯನ್ನು ಸದ್ಯಕ್ಕೆ ಬಿಟ್ಟು ಲೆಕ್ಕ ಹಾಕಿದರೆ, 300 ಮೀಟರ್ ದೂರ ಕ್ರಮಿಸಲು ಹಿಸ್ಪಾನೊ ಶೆಲ್‌ಗೆ 0.35 ಸೆಕೆಂಡು ಬೇಕು. ಅಷ್ಟರಲ್ಲಿ ಅದು 60 ಸೆಂಟಿಮೀಟರ್ ಕೆಳಗಿಳಿದಿರುತ್ತದೆ. ಎಂಕೆ 108 ಶೆಲ್‌ಗೆ 0.56 ಸೆಕೆಂಡು ಹಿಡಿಯುತ್ತದೆ ಮತ್ತು ಅದು ಒಂದೂವರೆ ಮೀಟರ್ ಇಳಿದಿರುತ್ತದೆ. ಗುರಿಯ ವಿಮಾನ ಸೆಕೆಂಡಿಗೆ 150 ಮೀಟರ್ ವೇಗದಲ್ಲಿ ಅಡ್ಡ ಹಾಯುತ್ತಿದ್ದರೆ ಸ್ಪಿಟ್‌ಫೈರ್ ಪೈಲಟ್ ಅದರ ಮುಂದೆ 52 ಮೀಟರ್ ದೂರಕ್ಕೆ ಗುರಿಯಿಡಬೇಕು, ಜರ್ಮನ್ ಪೈಲಟ್ 83 ಮೀಟರ್ ದೂರಕ್ಕೆ.

ಈ ಅಂಕಿಗಳಿಂದಲೇ ನಮ್ಮ ಓದಿನ ಮುಖ್ಯ ಪ್ರಶ್ನೆ ಹುಟ್ಟುತ್ತದೆ. ತಗುಲಿದಾಗ ಬೆಂಕಿ, ಹೊಗೆ, ಮುರಿದ ರೆಕ್ಕೆ ಎಷ್ಟು ಚೆನ್ನಾಗಿ ಕಾಣುತ್ತವೆ ಎಂಬುದರಿಂದ ಆಯುಧದ ನೈಜತೆಯನ್ನು ಅಳೆಯಲಾಗದು. ನಿಜವಾದ ಆಯುಧ ಯಾವ ಕಾರಣಕ್ಕೆ ಗುರಿ ತಪ್ಪುತ್ತಿತ್ತೋ ಸಿಮ್ಯುಲೇಟರ್‌ನ ಆಯುಧವೂ ಅದೇ ಕಾರಣಕ್ಕೆ ತಪ್ಪಬೇಕು ಎಂಬುದೇ ನನ್ನ ದೃಷ್ಟಿಯಲ್ಲಿ ಸರಿಯಾದ ಅಳತೆಗೋಲು. ಎಂಕೆ 108 ಇಟ್ಟುಕೊಂಡವನು ಬಹಳ ಹತ್ತಿರ ಹೋಗಬೇಕಾದದ್ದು ಶೆಲ್‌ನ ನಿಧಾನಗತಿಯಿಂದ. ಅವನ ಬಳಿ ಇರುವ 65 ಶೆಲ್‌ಗಳು, ನಿಮಿಷಕ್ಕೆ 650ರ ಲೆಕ್ಕದಲ್ಲಿ, ಆರು ಸೆಕೆಂಡಿನಲ್ಲಿ ಮುಗಿದುಹೋಗುತ್ತವೆ. ಸ್ಪಿಟ್‌ಫೈರ್‌ನವನ ಕಷ್ಟವೇ ಬೇರೆ. ಅವನ ಎರಡು ರೆಕ್ಕೆಗಳ ಗುಂಡುಗಳು ಮೊದಲೇ ನಿಗದಿಮಾಡಿದ ಒಂದು ದೂರದಲ್ಲಿ ಮಾತ್ರ ಒಂದುಗೂಡುತ್ತವೆ. ಅದಕ್ಕಿಂತ ಹತ್ತಿರದಲ್ಲಾಗಲಿ ದೂರದಲ್ಲಾಗಲಿ ಅವು ಗುರಿಯ ಎರಡೂ ಪಕ್ಕದಲ್ಲಿ ಹಾದುಹೋಗಬಹುದು.

ಇಲ್ಲಿ ಕಂಪ್ಯೂಟರ್‌ಗೇ ಸಂಬಂಧಿಸಿದ ಒಂದು ಸೂಕ್ಷ್ಮವನ್ನು ಬಿಡಿಸಿ ನೋಡಬೇಕು. ಸಿಮ್ಯುಲೇಟರ್ ಸೆಕೆಂಡಿಗೆ 60 ಬಾರಿ ಲೆಕ್ಕ ಮಾಡುತ್ತದೆ ಎಂದಿಟ್ಟುಕೊಳ್ಳಿ. 860 ಮೀಟರ್ ವೇಗದ ಶೆಲ್ ಒಂದು ಲೆಕ್ಕದಿಂದ ಮುಂದಿನ ಲೆಕ್ಕಕ್ಕೆ 14 ಮೀಟರಿಗಿಂತ ಹೆಚ್ಚು ಜಿಗಿದಿರುತ್ತದೆ. ಸ್ಪಿಟ್‌ಫೈರ್‌ನ ಇಡೀ ಉದ್ದವೇ ಸುಮಾರು ಒಂಬತ್ತೂವರೆ ಮೀಟರ್. ಆದ್ದರಿಂದ ಶೆಲ್ ಈ ಕ್ಷಣ ಎಲ್ಲಿದೆ ಎಂದಷ್ಟೇ ಪರೀಕ್ಷಿಸುವ ಪ್ರೋಗ್ರಾಮಿನಲ್ಲಿ ಒಮ್ಮೆ ಅದು ವಿಮಾನದ ಹಿಂದಿರುತ್ತದೆ, ಮರುಕ್ಷಣ ವಿಮಾನದ ಮುಂದಿರುತ್ತದೆ. ನಡುವೆ ವಿಮಾನವನ್ನು ಮುಟ್ಟಿದ್ದೇ ಇಲ್ಲ. ಎರಡು ಸ್ಥಾನಗಳ ನಡುವೆ ರೇಖೆ ಎಳೆದು, ಆ ರೇಖೆ ವಿಮಾನದ ಯಾವ ಭಾಗವನ್ನು ಛೇದಿಸಿತು ಎಂದು ನೋಡಿದಾಗ ಮಾತ್ರ ಈ ದೋಷ ಹೋಗುತ್ತದೆ. ಗುರಿಯ ಹತ್ತಿರ ಬಂದೊಡನೆ ಕ್ಷಿಪಣಿಯನ್ನು ಸಿಡಿಸುವ ಸಾಮೀಪ್ಯ ಫ್ಯೂಸ್‌ಗೂ ಇದೇ ಮಾತು ಅನ್ವಯಿಸುತ್ತದೆ. ಹೀಗೆ ರೇಖೆ ಎಳೆಯದ ಪ್ರೋಗ್ರಾಮಿನಲ್ಲಿ ಹೊಡೆತ ತಪ್ಪಿದರೆ ಅದು ಪೈಲಟ್‌ನ ತಪ್ಪೂ ಅಲ್ಲ, ಆಯುಧದ ತಪ್ಪೂ ಅಲ್ಲ, ಮತ್ತು ಕಲಿಯುವವನಿಗೆ ಅದರಿಂದ ಸಿಗುವುದು ತಪ್ಪು ಪಾಠ.

ಕ್ಷಿಪಣಿಗಳ ವಿಷಯಕ್ಕೆ ಬಂದರೆ ಇತಿಹಾಸವೇ ಒಳ್ಳೆಯ ಉದಾಹರಣೆ ಕೊಡುತ್ತದೆ. ವಿಯೆಟ್ನಾಂ ಯುದ್ಧದಲ್ಲಿ ಅಮೆರಿಕದ ರೇಡಾರ್ ಕ್ಷಿಪಣಿ ಎಐಎಂ-7 ಸ್ಪ್ಯಾರೋವನ್ನು ಹಾರಿಸಿದಾಗ ಸರಿಸುಮಾರು ಹತ್ತಕ್ಕೊಂದು ಮಾತ್ರ ಗುರಿಯನ್ನು ಕೆಡವಿತು. ಈ ಸೋಲನ್ನು ನೌಕಾಪಡೆಯ ಕ್ಯಾಪ್ಟನ್ ಫ್ರಾಂಕ್ ಆಲ್ಟ್ 1968ರಲ್ಲಿ ಪರಿಶೀಲಿಸಿದಾಗ ಕಾರಣಗಳು ಹಲವೆಡೆ ಹರಡಿಕೊಂಡಿದ್ದವು: ಕ್ಷಿಪಣಿಗಳ ನಿರ್ವಹಣೆಯ ಕೊರತೆ, ಉಪಕರಣಗಳ ದೋಷ, ಮತ್ತು ಆಯುಧದ ಮಿತಿಗಳನ್ನು ಅರಿಯದೆ ಅದನ್ನು ಹಾರಿಸುತ್ತಿದ್ದ ಪೈಲಟ್‌ಗಳ ತರಬೇತಿ. ಮರುವರ್ಷ ಕ್ಯಾಲಿಫೋರ್ನಿಯಾದ ಮಿರಮಾರ್‌ನಲ್ಲಿ ಆರಂಭವಾದ, ಪೈಲಟ್‌ಗಳಿಗೆ ವಾಯುಕಾಳಗ ಕಲಿಸುವ ಟಾಪ್‌ಗನ್ ಶಾಲೆ ಆ ವರದಿಯ ಫಲ. ಈಗ ಒಂದು ಸಿಮ್ಯುಲೇಟರ್ ದಾಳ ಎಸೆದಂತೆ ಹತ್ತರಲ್ಲಿ ಒಂದನ್ನು ಯಶಸ್ವಿಗೊಳಿಸಿತು ಎನ್ನೋಣ. ಸರಾಸರಿ ಇತಿಹಾಸಕ್ಕೆ ಹೊಂದುತ್ತದೆ, ನಿಜ. ಆದರೆ ಸರಿಯಾದ ಕೋನ ಹಿಡಿದು ಹಾರಿಸಿದವನಿಗೂ ಹೇಗೆಂದರೆ ಹಾಗೆ ಹಾರಿಸಿದವನಿಗೂ ಒಂದೇ ಫಲ ಸಿಕ್ಕರೆ, ಟಾಪ್‌ಗನ್‌ನಲ್ಲಿ ಕಲಿಸಿದ್ದನ್ನು ಅಲ್ಲಿ ಯಾರೂ ಕಲಿಯಲಾರರು.

ಇದಕ್ಕೆ ಎದುರಾಗಿ ಸೋವಿಯತ್ ಯುದ್ಧವಿಮಾನ ಮಿಗ್-21 ಬಿಸ್‌ನ ಆರ್-3ಎಸ್ ಕ್ಷಿಪಣಿಯನ್ನು ನೋಡಿ. 1958ರಲ್ಲಿ ತೈವಾನ್ ಜಲಸಂಧಿಯ ಮೇಲೆ ಹಾರಿಸಿದ ಅಮೆರಿಕದ, ಶಾಖವನ್ನು ಹಿಂಬಾಲಿಸುವ ಸೈಡ್‌ವೈಂಡರ್ ಕ್ಷಿಪಣಿಯೊಂದು ಸಿಡಿಯದೆ ಚೀನಾದ ಮಿಗ್-17ರಲ್ಲಿ ಸಿಕ್ಕಿಕೊಂಡಿತು. ಅದನ್ನು ಬಿಚ್ಚಿ ನೋಡಿ ಸೋವಿಯತ್ ತಂತ್ರಜ್ಞರು ಮಾಡಿದ ಕೆ-13 ಕ್ಷಿಪಣಿಯ ರೂಪವೇ ಇದು. ನಮ್ಮ ವಾಯುಪಡೆಯ ಮೊದಲ ಮಿಗ್-21ಗಳೂ ಕೆ-13ನ್ನೇ ಹೊತ್ತಿದ್ದವು. ತಂಪುಗೊಳಿಸದ ಇದರ ಶೋಧಕಕ್ಕೆ ಎದುರಾಳಿಯ ಎಂಜಿನ್ನಿನ ಬಿಸಿ ಬಾಲ ಮಾತ್ರ ಸರಿಯಾಗಿ ಕಾಣುತ್ತದೆ. ಸೂರ್ಯನ ಕಡೆ ಹಾರಿಸಿದರೆ ಅದು ಸೂರ್ಯನನ್ನೇ ಹಿಂಬಾಲಿಸಬಹುದು. ರಾಕೆಟ್ ಮೋಟಾರ್ ಉರಿಯುವುದು ಸುಮಾರು ಎರಡು ಸೆಕೆಂಡು. ಆಮೇಲೆ ಉಳಿಯುವುದು ಕೂಡಿಟ್ಟ ವೇಗ ಮಾತ್ರ, ಮತ್ತು ಪ್ರತಿ ತಿರುವೂ ಅದನ್ನು ಕರಗಿಸುತ್ತದೆ. ಸೆಕೆಂಡಿಗೆ 250 ಮೀಟರ್ ವೇಗದಲ್ಲಿ 6 ಜಿ (ಗುರುತ್ವದ ಆರು ಪಟ್ಟು) ತಿರುವು ಹೊಡೆಯುವ ವಿಮಾನ ಸೆಕೆಂಡಿಗೆ 13 ಡಿಗ್ರಿ ತಿರುಗುತ್ತದೆ. 600 ಮೀಟರ್ ವೇಗದ ಕ್ಷಿಪಣಿ ಅಷ್ಟೇ ಡಿಗ್ರಿ ತಿರುಗಲು ಸುಮಾರು 14 ಜಿ ತಾಳಬೇಕು. ಹೆಚ್ಚು ವೇಗವಿದ್ದಷ್ಟೂ ತಿರುಗುವುದು ಕಷ್ಟ ಎಂಬ ಈ ಸರಳ ಸಂಗತಿ ಸಿಮ್ಯುಲೇಟರ್‌ನಲ್ಲಿ ಸರಿಯಾಗಿ ಬಂದಿದ್ದರೆ, ಗುರಿ ತಪ್ಪಿದ ಕ್ಷಿಪಣಿಯೂ ನಮಗೆ ಪಾಠ ಹೇಳುತ್ತದೆ.

ಪರೀಕ್ಷಿಸುವ ಕ್ರಮ ಕಷ್ಟದ್ದಲ್ಲ. ಹಾರಾಟವನ್ನು ದಾಖಲಿಸಿ ಮತ್ತೆ ನೋಡಲು ನೆರವಾಗುವ ಟ್ಯಾಕ್‌ವ್ಯೂ ಎಂಬ ತಂತ್ರಾಂಶದಲ್ಲಿ ಹಾರಾಟವನ್ನು ದಾಖಲಿಸಿ, ಒಂದು ಬಾರಿಗೆ ಒಂದೇ ಅಂಶವನ್ನು ಬದಲಿಸಬೇಕು. ಸಮುದ್ರಮಟ್ಟದಲ್ಲಿ ಘನಮೀಟರಿಗೆ 1.225 ಕಿಲೊಗ್ರಾಂ ಇರುವ ಗಾಳಿಯ ಸಾಂದ್ರತೆ 10,000 ಮೀಟರ್ ಎತ್ತರದಲ್ಲಿ 0.41ಕ್ಕೆ ಇಳಿಯುತ್ತದೆ, ಅಂದರೆ ಒಂದೇ ವೇಗದಲ್ಲಿ ಗಾಳಿಯ ತಡೆ ಹೆಚ್ಚುಕಡಿಮೆ ಮೂರನೇ ಒಂದು ಪಾಲಾಗುತ್ತದೆ. ನೇರವಾಗಿ ಹಾರುವ ಗುರಿಯ ಮೇಲೆ ಎರಡೂ ಎತ್ತರಗಳಲ್ಲಿ ಕ್ಷಿಪಣಿ ಹಾರಿಸಿ, ಮೋಟಾರ್ ಆರಿದ ಮೇಲೆ ಪ್ರತಿ ಸೆಕೆಂಡಿನ ವೇಗ ಬರೆದುಕೊಳ್ಳಿ. ಎರಡೂ ಪಟ್ಟಿಗಳು ಒಂದೇ ಥರ ಇಳಿದರೆ ಆ ಸಿಮ್ಯುಲೇಟರ್‌ಗೆ ಗಾಳಿಯ ಲೆಕ್ಕವೇ ಇಲ್ಲ.

ಆದರೆ ಎಲ್ಲವನ್ನೂ ಹೀಗೆ ಪರೀಕ್ಷಿಸಲಾಗದು. ಕ್ಷಿಪಣಿಯ ಹೊರ ಆಕಾರ ತಿಳಿದಿದ್ದರೆ ಗಾಳಿಯ ತಡೆಯನ್ನು ಕಂಪ್ಯೂಟರ್ ಲೆಕ್ಕದಿಂದ ಬಹಳ ಹತ್ತಿರಕ್ಕೆ ತರಬಹುದು. ಆದರೆ ಅದರ ಶೋಧಕ ಫ್ಲೇರ್‌ಗೂ (ಕ್ಷಿಪಣಿಯ ದಾರಿ ತಪ್ಪಿಸಲು ವಿಮಾನ ಎಸೆಯುವ ಉರಿಯುವ ವಸ್ತು) ಎಂಜಿನ್ನಿಗೂ ಇರುವ ವ್ಯತ್ಯಾಸವನ್ನು ಹೇಗೆ ಗುರುತಿಸುತ್ತದೆ ಎಂಬುದು, ಇಂದಿಗೂ ಬಳಕೆಯಲ್ಲಿರುವ ಕ್ಷಿಪಣಿಗಳ ಮಟ್ಟಿಗೆ, ಮಿಲಿಟರಿ ರಹಸ್ಯ. ಹಾಗಾಗಿ ಹೊಸ ಕ್ಷಿಪಣಿಯೊಂದು ಫ್ಲೇರ್ ನಂಬಿ ದಾರಿ ತಪ್ಪಿದಾಗ, ಅದರ ವೇಗ ಮತ್ತು ಪಥವನ್ನು ಭೌತಶಾಸ್ತ್ರದ ಲೆಕ್ಕವೆಂದೂ, ಫ್ಲೇರ್‌ಗೆ ಮರುಳಾದದ್ದನ್ನು ತಯಾರಕರ ಅಂದಾಜೆಂದೂ ಬೇರೆ ಬೇರೆಯಾಗಿ ಬರೆದಿಟ್ಟುಕೊಳ್ಳಿ.